ಪಾರ್ಕಿನಲ್ಲಿ ನಾನು ಹಿಡಿದಿಟ್ಟ ಜಾಗ

ಮುಂಬಯಿಯಲ್ಲಿ ಜಾಗ ಹಿಡಿಯುವುದು ಒಂದು ವಿದ್ಯೆ. ಆ ವಿದ್ಯೆಯಲ್ಲಿ ನಾನು ಪಾರಂಗತ ಎಂಬ ವಿಷಯದಲ್ಲಿ, ಈ ಚಳಿಗಾಲದ ಒಂದು ಭಾನುವಾರದವರೆಗೆ, ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಚೆಂಬೂರಿನಿಂದ ಫೋರ್ಟಿನ ಆಫೀಸಿಗೆ ಇಪ್ಪತ್ತೈದು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿದವನು ನಾನು. ಲೋಕಲಿಗೆ ಅದರದೇ ಸಂವಿಧಾನವಿದೆ. ಕಿಟಕಿಯಿಂದ ಕರವಸ್ತ್ರ ಎಸೆದರೆ ಸೀಟು ನಿಮ್ಮದು. ಅದಾಗದಿದ್ದರೆ ಕೂತವನನ್ನು "ಕಹಾಂ ಉತರೋಗೆ?" ಎಂದು ಕೇಳಬೇಕು; ಅವನು ಇಳಿಯುವ ಸ್ಟೇಷನ್ ಹೇಳಿದನೆಂದರೆ ಅಲ್ಲಿಂದ ಮುಂದೆ ಆ ಸೀಟು ನಿಮ್ಮದು. ಯಾವುದೂ ನಡೆಯದಿದ್ದರೆ ಕೊನೆಗೆ ಉಳಿಯುವುದು ಫೋರ್ತ್ ಸೀಟು. ಅಂದರೆ ಮೂವರು ಕೂರುವ ಸೀಟಿನ ತುದಿಗೆ ಅರ್ಧ ದೇಹ ತಾಗಿಸಿ, ಉಳಿದರ್ಧವನ್ನು ಗಾಳಿಯಲ್ಲಿ ಬಿಟ್ಟು ಕೂರುವುದು. ಅದು ಹೊಸಬರಿಗೆ. ನಾನು ಫೋರ್ತ್ ಸೀಟಿನಲ್ಲಿ ಕೂತು ಎಷ್ಟೋ ಕಾಲವಾಗಿತ್ತು!

ಇಂಥ ನನ್ನ ಮನೆಗೆ ಉಡುಪಿಯಿಂದ ಸದಾನಂದ ಭಾವ ಬಂದರು. ಇವರು ನನ್ನ ಹೆಂಡತಿ ಶಶಿಯ ಅಣ್ಣ; ನನಗೆ ಅವರು ಭಾವ, ಅವರಿಗೆ ನಾನು ಭಾವ. ಬಂದದ್ದು ಒಂದು ಮದುವೆಗೆ. ಆದರೆ ಶಶಿಯ ಪಾಲಿಗೆ ಅದು ಇನ್‌ಸ್ಪೆಕ್ಷನ್ ಆಗಿತ್ತು. ಅವಳ ಅಮ್ಮನನ್ನು, ಅಂದರೆ ನನ್ನ ಅತ್ತೆಯನ್ನು, ಒಂದು ತಿಂಗಳಾದರೂ ಮುಂಬಯಿಯಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ಬಹಳ ದಿನದ ಆಸೆ. ಕಳಿಸಬೇಕೋ ಬೇಡವೋ ಎಂದು ಭಾವ ನೋಡಿ ತೀರ್ಮಾನಿಸುವುದೆಂದು ಊರಿನಲ್ಲಿ ಮಾತಾಗಿತ್ತು. ಶಶಿ ಆಗಲೇ ಅಮ್ಮನಿಗಾಗಿ ಹೂವಿನ ಚಿತ್ರದ ಎರಡು ಹೊಸ ತಲೆದಿಂಬಿನ ಕವರು ತಂದು ಕಪಾಟಿನಲ್ಲಿ ಇಟ್ಟಿದ್ದಳು.

ಭಾವ ನಮ್ಮ ಹಾಲಿನಲ್ಲಿ ಕೂತು ಸುತ್ತಲೂ ಒಮ್ಮೆ ನೋಡಿದರು. ಸುತ್ತಲೂ ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಲ್ಲ ಭಾವ, ಕೈ ಚಾಚಿದ್ರೆ ಗೋಡೆ, ಕಾಲು ಚಾಚಿದ್ರೆ ಫ್ರಿಜ್ಜು. ಅಮ್ಮನಿಗೆ ಸಂಜೆ ಮರದ ಬುಡದಲ್ಲಿ ಕೂತು ಅಭ್ಯಾಸ. ಇಲ್ಲಿ ಅವಳನ್ನು ಎಲ್ಲಿ ಕೂರಿಸ್ತೀರಿ ಮಾರಾಯ್ರೆ?"

ಶಶಿಯ ಮುಖ ಸಣ್ಣದಾಯಿತು. ನನಗೆ ಆವೇಶ ಬಂತು.

"ಭಾವ, ಮುಂಬಯಿಯಲ್ಲಿ ಮರಕ್ಕೆಂತ ಬರಗಾಲವಾ? ಸ್ಟೇಷನ್ ದಾರಿಯಲ್ಲೇ ದೊಡ್ಡ ಪಾರ್ಕ್ ಉಂಟು. ನಾಳೆ ಭಾನುವಾರ. ನಿಮ್ಮನ್ನು ಮರದ ಕೆಳಗೆ ಮಲಗಿಸಿ, ಅಲ್ಲೇ ಊಟ ಹಾಕಿಸ್ತೇನೆ!"

"ನೀವು ಆ ಪಾರ್ಕಿನ ಒಳಗೆ ಯಾವತ್ತಾದ್ರೂ ಹೋಗಿದ್ದೀರಾ?" ಎಂದು ಶಶಿ ಮೆಲ್ಲಗೆ ಕೇಳಿದಳು.

ಹೋಗಿರಲಿಲ್ಲ. ಇಪ್ಪತ್ತೈದು ವರ್ಷ ಅದರ ಪಕ್ಕದಲ್ಲಿ ಓಡಿದ್ದೆ, ಅಷ್ಟೇ. ಆದರೆ ಜಾಗ ಹಿಡಿಯುವವನಿಗೆ ಲೋಕಲಾದರೇನು, ಪಾರ್ಕಾದರೇನು!

ಭಾನುವಾರ ಎಲ್ಲರೂ ಏಳುವ ಮೊದಲೇ ನಾನು ಪಾರ್ಕಿನಲ್ಲಿದ್ದೆ. ನಡುವಿನ ಹುಲ್ಲುಹಾಸಿನಲ್ಲಿ ಭಾರಿ ಮರವೊಂದಿತ್ತು. ಅದರ ಬುಡದಲ್ಲಿ ಶಶಿಯ ಬೆಡ್‌ಶೀಟು ಹರಡಿದೆ. ಕರವಸ್ತ್ರದ ಕಾನೂನೇ, ಅಳತೆ ಮಾತ್ರ ಸ್ವಲ್ಪ ದೊಡ್ಡದು. ಗಾಳಿಗೆ ಹಾರಿಹೋಗದಂತೆ ಭಾರಕ್ಕೆ ಏನಾದರೂ ಬೇಕಲ್ಲ? ನಾನು ದೂರದೃಷ್ಟಿಯುಳ್ಳವನು. ನನ್ನ ಹಳೆಯ ಕಪ್ಪು ಆಫೀಸ್ ಬ್ಯಾಗಿಗೆ, ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ ಎರಡು ದಪ್ಪ ವಸ್ತು ತುಂಬಿಸಿ ಜಿಪ್ ಎಳೆದು ತಂದಿದ್ದೆ. ಅದನ್ನು ಬೆಡ್‌ಶೀಟಿನ ನಟ್ಟನಡುವೆ ಇಟ್ಟು, ನಮ್ಮವರನ್ನು ಕರೆತರಲು ಮನೆಗೆ ಹೋದೆ. ಸ್ನಾನ ಮಾಡಿದೆ. ಕಾಫಿಯನ್ನು ಎರಡು ಸಲ ಕುಡಿದೆ. ಜಾಗ ಹಿಡಿದಿಟ್ಟವನಿಗೆ ಎಂಥ ಅವಸರ?

ಬಿಸಿಲೇರಿದ ಮೇಲೆ ನಾವು ಹೊರಟೆವು. ಶಶಿಯ ಕೈಯಲ್ಲಿ ಕೊಟ್ಟೆ ಕಡುಬಿನ ಡಬ್ಬಿ, ನನ್ನ ಕೈಯಲ್ಲಿ ಸಾಂಬಾರಿನದು, ಕಾಲೇಜಿಗೆ ಹೋಗುವ ಮಗಳು ಅದಿತಿಯ ಕೈಯಲ್ಲಿ ಮೊಬೈಲು. ಭಾವ ಕೈಬೀಸಿಕೊಂಡು ಬಂದರು, ಅವರು ಅತಿಥಿ.

ಪಾರ್ಕಿನ ಒಳಗೆ ಕಾಲಿಟ್ಟವನಿಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಭಾನುವಾರದ ಮುಂಬಯಿ! ಬೇಲಿಯ ಉದ್ದಕ್ಕೂ ಜನ ಒತ್ತಾಗಿ ನಿಂತಿದ್ದಾರೆ. ಆದರೆ ಆ ದೊಡ್ಡ ಮರದ ಕೆಳಗೆ, ಅಷ್ಟಗಲದ ಹುಲ್ಲಿನ ಮೇಲೆ, ಒಂದು ನರಪಿಳ್ಳೆಯೂ ಇಲ್ಲ. ನನ್ನ ಬೆಡ್‌ಶೀಟು, ನನ್ನ ಬ್ಯಾಗು, ಅಷ್ಟೇ!

"ಅಬ್ಬ ಭಾವ!" ಎಂದರು ಸದಾನಂದ ಭಾವ. "ಇಷ್ಟು ಜಾಗ ಖಾಲಿ ಇಡಿಸಿದ್ದೀರಾ?"

"ಇದು ಮುಂಬಯಿ ಶಿಸ್ತು" ಎಂದೆ ಗಂಭೀರವಾಗಿ. "ಒಬ್ಬರು ಹಿಡಿದ ಜಾಗಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ."

ಅಡ್ಡಲಾಗಿ ಒಂದು ಹಗ್ಗ ಕಟ್ಟಿದ್ದರು. ನನ್ನ ಜಾಗದ ರಕ್ಷಣೆಗೆ ಹಗ್ಗ ಬೇರೆ! ಪಾರ್ಕಿನವರ ವ್ಯವಸ್ಥೆಯನ್ನು ಮೆಚ್ಚುತ್ತ ಸಾಂಬಾರಿನ ಡಬ್ಬಿಯ ಸಮೇತ ಹಗ್ಗದಡಿ ನುಸುಳಿದೆ. ಹಿಂದಿನಿಂದ ಸೀಟಿ ಕೇಳಿಸಿತು. ಯಾರೋ ಮಕ್ಕಳು ಆಡುತ್ತಿರಬೇಕು ಎಂದುಕೊಂಡೆ. ಭಾವನಿಗೆ ಮಾದರಿ ತೋರಿಸೋಣವೆಂದು ಬೆಡ್‌ಶೀಟಿನ ಮೇಲೆ ಉದ್ದಕ್ಕೆ ಮಲಗಿ, ಬ್ಯಾಗನ್ನು ಎಳೆದುಕೊಂಡು ತಲೆದಿಂಬು ಮಾಡಿಕೊಂಡೆ.

ಬೇಲಿಯ ಬಳಿಯ ಜನವೆಲ್ಲ ಒಟ್ಟಿಗೇ ಕಿರುಚಿತು.

"ಅರೆ, ಹಟೋ ವಹಾಂ ಸೇ! ಬ್ಯಾಗ್ ಕೋ ಹಾಥ್ ಮತ್ ಲಗಾವ್!"

"ಪಾಗಲ್ ಹೈ ಕ್ಯಾ? ಮರೇಗಾ!"

ಆಗ ನನಗೆ ಹೊಳೆಯಿತು. ಲೋಕಲಿನಲ್ಲಿ, ಸ್ಟೇಷನ್ನಿನಲ್ಲಿ ದಿನವೂ ಕೇಳುವ ಪ್ರಕಟಣೆ: ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ. ಅದು ಬೇರೆಯವರ ಬ್ಯಾಗಿನ ಬಗ್ಗೆ ಎಂದೇ ಇಷ್ಟು ವರ್ಷ ತಿಳಿದಿದ್ದೆ!

ಎದ್ದು ನಿಲ್ಲುವಷ್ಟರಲ್ಲಿ ಪಾರ್ಕಿನ ವಾಚ್‌ಮನ್ ಮತ್ತು ಒಬ್ಬರು ಪೊಲೀಸಿನವರು ದೂರದಲ್ಲೇ ನಿಂತು ಕೈ ಬೀಸುತ್ತಿದ್ದರು. "ಬ್ಯಾಗ್ ಕಿಸ್‌ಕಾ ಹೈ?" ಎಂದು ಪೊಲೀಸಿನವರು ಕೂಗಿದರು.

"ಮೇರಾ" ಎಂದೆ. ಇನ್ನೊಮ್ಮೆ ಹೇಳಬೇಕಾಯಿತು.

"ಅಂದರ್ ಕ್ಯಾ ಹೈ? ಖೋಲೋ!"

ಸಮಸ್ತ ಚೆಂಬೂರು ಉಸಿರು ಬಿಗಿಹಿಡಿದಿತ್ತು. ಜಿಪ್ ಎಳೆದು ಕೈ ಹಾಕಿ, ಎರಡೂ ವಸ್ತುಗಳನ್ನು ಎತ್ತಿ ತೋರಿಸಿದೆ. ಗುಂಡಗಿದ್ದವು. ಮುಂದೆ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

"ನಾರಿಯಲ್ ಹೈ ಸಾಹೇಬ್" ಎಂದೆ.

ನಗು ಬೇಲಿಯ ಆ ತುದಿಯಿಂದ ಈ ತುದಿಯವರೆಗೆ ಓಡಿತು. ಎಲ್ಲರೂ ನಕ್ಕರು, ಒಬ್ಬರನ್ನು ಬಿಟ್ಟು. ಸದಾನಂದ ಭಾವ ಹಗ್ಗದವರೆಗೆ ಬಂದು ಆ ತೆಂಗಿನಕಾಯಿಗಳನ್ನೇ ದಿಟ್ಟಿಸಿದರು.

"ಭಾವ, ಇದು ನಾನು ತಂದದ್ದಲ್ವಾ? ಶಶಿಗೆ ಅಂತ ಅಮ್ಮ ಆರಿಸಿ ಆರಿಸಿ ಕೊಟ್ಟ ಕಾಯಿ! ಊರಿಂದ ಮಡಿಲಲ್ಲಿ ಇಟ್ಕೊಂಡು ತಂದಿದ್ದೇನೆ. ನೀವು ಇದನ್ನು ಬೆಡ್‌ಶೀಟಿಗೆ ಕಲ್ಲು ಇಟ್ಟ ಹಾಗೆ ಇಟ್ಟದ್ದಾ?"

ಬ್ಯಾಗಿನಲ್ಲಿ ನಿಜವಾದ ಬಾಂಬ್ ಇದ್ದಿದ್ದರೇ ಒಳ್ಳೆಯದಿತ್ತು ಎನಿಸಿತು.

"ಪಪ್ಪಾ, ಯೇ ಟೂ ಮಚ್ ಹೈ" ಎಂದು ಅದಿತಿ ಪರಿಚಯವೇ ಇಲ್ಲದವಳಂತೆ ಅತ್ತ ತಿರುಗಿ ನಿಂತಳು. ಶಶಿ ಕಡುಬಿನ ಡಬ್ಬಿಯನ್ನು ಎದೆಗೊತ್ತಿ ಹಿಡಿದು ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಅವಳ ಅಮ್ಮನ ಮುಂಬಯಿ ಪ್ರಯಾಣಕ್ಕೆ ನಾನೇ ಕೈಯಾರೆ ಕಲ್ಲು ಹಾಕಿದೆನಲ್ಲ ಎಂದು ಆಗ ನಿಜವಾಗಿಯೂ ಸಂಕಟವಾಯಿತು.

ಪೊಲೀಸಿನವರಿಗೆ ಕರವಸ್ತ್ರದ ಕಾನೂನನ್ನು ವಿವರಿಸಿದೆ. ಅವರೂ ಲೋಕಲಿನಲ್ಲಿ ಓಡಾಡುವವರೇ. ತುಸು ಹೊತ್ತು ಯೋಚಿಸಿ ತೀರ್ಪು ಕೊಟ್ಟರು: "ರುಮಾಲ್ ಚಲೇಗಾ. ಬ್ಯಾಗ್ ನಹೀಂ." ಕರವಸ್ತ್ರ ನಡೆಯುತ್ತದೆ, ಬ್ಯಾಗು ನಡೆಯದು.

ಹಗ್ಗ ಬಿಚ್ಚಿದ್ದೇ ತಡ, ಬೇಲಿಯ ಬಳಿಯ ಜನವೆಲ್ಲ ದಾದರ್ ಸ್ಟೇಷನ್ನಿನಲ್ಲಿ ಲೋಕಲು ಹತ್ತುವವರಂತೆ ಮರದ ಕೆಳಗೆ ನುಗ್ಗಿತು. ನಾನು ತಿರುಗಿ ನೋಡುವಾಗ ನನ್ನ ಬೆಡ್‌ಶೀಟಿನ ಮೇಲೆಯೇ ಒಂದು ಗುಜರಾತಿ ಸಂಸಾರ ನೆಮ್ಮದಿಯಾಗಿ ಕೂತಿತ್ತು. ಅದು ನಮ್ಮದೆಂದು ರುಜುವಾತು ಮಾಡಿ ಬಿಡಿಸಿಕೊಳ್ಳುವಾಗ ಸಾಕುಬೇಕಾಯಿತು. ಬೆಡ್‌ಶೀಟು ಸಿಕ್ಕಿತು, ನೆರಳು ಸಿಗಲಿಲ್ಲ.

ಭಾವನನ್ನು ಒಂದು ಬೆಂಚಿನಲ್ಲಾದರೂ ಕೂರಿಸೋಣ ಎಂದು ಹೊರಟೆ. ಒಂದರಲ್ಲಿ ಮೂವರು ಹಿರಿಯರು ಕೂತಿದ್ದರು. ಅಂಚಿನಲ್ಲಿದ್ದವರ ಮುಂದೆ ನಿಂತು, ಹಾಳು ಅಭ್ಯಾಸ, ಬಾಯಿಂದ ಬಂದೇಬಿಟ್ಟಿತು:

"ಅಂಕಲ್, ಕಹಾಂ ಉತರೋಗೆ?"

ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಗೇಟ್ ಬಂದ್ ಹೋನೇ ತಕ್" ಎಂದರು; ಗೇಟು ಮುಚ್ಚುವವರೆಗೆ ಏಳುವ ಪ್ರಶ್ನೆಯೇ ಇಲ್ಲ. ಪಕ್ಕದಲ್ಲಿ ಕೋಲೂರಿ ನಿಂತಿದ್ದ ಇನ್ನೊಬ್ಬ ಅಜ್ಜ ನನ್ನನ್ನು ದುರುಗುಟ್ಟಿ ನೋಡಿ, "ಇನ್‌ಕೇ ಬಾದ್ ಮೇರಾ ನಂಬರ್ ಹೈ" ಎಂದು ತಮ್ಮ ಸರದಿ ಸಾರಿದರು. ನನ್ನದೇ ಕಾನೂನಿನಲ್ಲಿ ನಾನು ಸೋತೆ!

ಕೊನೆಗೆ ನೀರಿನ ನಲ್ಲಿಯ ಪಕ್ಕ, ಬಿಸಿಲಿನಲ್ಲಿ, ನಿಂತುಕೊಂಡೇ ಡಬ್ಬಿಯ ಮುಚ್ಚಳ ತೆಗೆದೆವು. ಕಡುಬಿನ ಪರಿಮಳ ನಮಗಿಂತ ಮೊದಲು ವಾಚ್‌ಮನ್ನನಿಗೆ ತಲುಪಿತು. ಪಾರ್ಕಿನಲ್ಲಿ ಊಟ ಮಾಡುವಂತಿಲ್ಲ. ಅಷ್ಟೇ ಅಲ್ಲ, ಮಧ್ಯಾಹ್ನ ಗೇಟು ಮುಚ್ಚುತ್ತಾರೆ, ಮತ್ತೆ ತೆರೆಯುವುದು ಸಂಜೆಗೆ. ಎರಡೂ ಸಂಗತಿ ಗೇಟಿನ ಬಳಿ ಅಂಗೈಯಗಲದ ಅಕ್ಷರಗಳಲ್ಲಿ ಬರೆದಿತ್ತು. ಇಪ್ಪತ್ತೈದು ವರ್ಷ ಅದರ ಮುಂದೆಯೇ ಓಡಿದ್ದೆ!

ಮನೆಗೆ ಬಂದು ಅದೇ ಬೆಡ್‌ಶೀಟನ್ನು ಕೊಡವಿ ಹಾಲಿನಲ್ಲಿ ಹಾಸಿ ಊಟ ಮಾಡಿದೆವು. ಊಟವಾದ ಮೇಲೆ ಭಾವ ಅಲ್ಲೇ ಉರುಳಿದರು. ಕೈ ಗೋಡೆಗೆ ತಾಗಿತು, ಕಾಲು ಫ್ರಿಜ್ಜಿಗೆ. ಆದರೂ ಗೊರಕೆ ಹೊಡೆದು ನಿದ್ದೆ ಮಾಡಿದರು. ಎದ್ದವರೇ ಊರಿಗೆ ಫೋನ್ ಹಚ್ಚಿದರು. ಶಶಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಲ್ಲಿ ನಿಂತಳು.

"ಹಲೋ ಅಮ್ಮ... ಜಾಗವಾ? ಜಾಗಕ್ಕೆ ಎಂತದೂ ತೊಂದರೆ ಇಲ್ಲ. ಭಾವ ಒಂದು ಬ್ಯಾಗ್ ಇಟ್ರೆ ಸಾಕು, ಪೊಲೀಸರೇ ಬಂದು ಇಡೀ ಪಾರ್ಕ್ ಖಾಲಿ ಮಾಡಿಸಿ ಕೊಡ್ತಾರೆ!"

ಆಮೇಲೆ ಅಷ್ಟನ್ನೂ, ಸೀಟಿ ಊದಿದ್ದನ್ನೂ ಬಿಡದೆ, ಅಭಿನಯದ ಸಮೇತ ಹೇಳಿದರು. ಆ ಕಡೆಯಿಂದ ಅತ್ತೆಯವರ ನಗು ಸ್ಪೀಕರ್ ಹಾಕದೆಯೇ ಕೇಳಿಸುತ್ತಿತ್ತು. ನಗು ಕೆಮ್ಮಾಗಿ, ಕೆಮ್ಮು ನಿಂತು, ಸ್ಪಷ್ಟವಾಗಿ ಒಂದು ಮಾತು ಬಂತು:

"ಟಿಕೆಟ್ ಮಾಡ್ಸು ಮಗ. ನಾನು ಹೋಗ್ತೇನೆ. ಇಷ್ಟು ನಗದೆ ಎಷ್ಟು ಕಾಲ ಆಯ್ತು! ಕಾಯಿ ಮಾತ್ರ ಈ ಸಲ ನಾನೇ ಹಿಡ್ಕೊಳ್ತೇನೆ ಅಂತ ಅಳಿಯಂದಿರಿಗೆ ಹೇಳು."

ಶಶಿ ಕೈ ಒರೆಸಿಕೊಳ್ಳುವುದನ್ನೂ ಮರೆತು ಕಪಾಟಿನತ್ತ ಓಡಿದಳು.

ಅತ್ತೆ ಬಂದು ಈಗ ಎರಡು ವಾರವಾಯಿತು. ಸಂಜೆ ಅದಿತಿಯ ಜೊತೆ ಅದೇ ಪಾರ್ಕಿಗೆ ಹೋಗುತ್ತಾರೆ, ಬೆಂಚಿನಲ್ಲಿ ಜಾಗ ತಾನಾಗಿ ಸಿಗುತ್ತದಂತೆ. ನನ್ನನ್ನು ಕರೆಯುವುದಿಲ್ಲ, ವಾಚ್‌ಮನ್ ಗುರುತು ಹಿಡಿಯುತ್ತಾನೆ ಎಂಬ ಭಯ. ರಾತ್ರಿ ಟಿವಿ ಹಾಕಿದರೆ ನಮ್ಮ ಸೋಫಾದಲ್ಲಿ ಕಿಟಕಿಯ ಬದಿಗೆ ಅತ್ತೆ, ನಡುವೆ ಶಶಿ, ಈ ಬದಿಗೆ ಅದಿತಿ. ನಾನು ಕರವಸ್ತ್ರ ಹಾಕಿ ನೋಡಿದೆ. ಅತ್ತೆ ಅದರಲ್ಲಿ ಕನ್ನಡಕ ಒರೆಸಿಕೊಂಡರು. "ಕಹಾಂ ಉತರೋಗೆ?" ಎಂದು ಮಗಳನ್ನು ಕೇಳಿ ನೋಡಿದೆ, ತಲೆಯನ್ನೂ ಎತ್ತಲಿಲ್ಲ.

"ಪಾಪ, ಸ್ವಲ್ಪ ಸರ್ಕೊಳ್ಳಿ" ಎಂದರು ಅತ್ತೆ. ಮೂವರೂ ನಾಲ್ಕು ಬೆರಳು ಸರಿದರು. ಅರ್ಧ ದೇಹ ತಾಗಿಸಿ, ಅರ್ಧ ಗಾಳಿಯಲ್ಲಿ ಬಿಟ್ಟು ಕೂತೆ. ನನ್ನ ಮನೆ, ನನ್ನ ಸೋಫಾ, ಫೋರ್ತ್ ಸೀಟು!