ನೂರು ಚೀಲ ಉಸಿರು

ಎಡವಟ್ಟೆಲ್ಲ ಶುರುವಾದದ್ದು ಪುರುಸೊತ್ತಿಲ್ಲದ ಜನರಿಂದ. ಉಸಿರು ಮೂಸಿ ಶ್ವಾಸಕೋಶದ ಕಾಯಿಲೆ ಹೇಳುವ ಯಂತ್ರಕ್ಕೆ ಮೊದಲು ಪಾಠ ಕಲಿಸಬೇಕಿತ್ತು. ನೂರು ರೋಗಿಗಳ ಉಸಿರು, ನೂರು ಆರೋಗ್ಯವಂತರ ಉಸಿರು ಚೀಲಕ್ಕೆ ತುಂಬಿಸಿಕೊಂಡು ಬಾ ಎಂದು ದೊಡ್ಡ ಡಾಕ್ಟರು ಆಸ್ಪತ್ರೆಯ ಅಟೆಂಡರನಿಗೆ ಹೇಳಿದ್ದರು. ರೋಗಿಗಳೇನೋ ಮಂಚದ ಮೇಲೇ ಸಿಕ್ಕರು. ಆರೋಗ್ಯವಂತರು ಮಾತ್ರ ಚೀಲ ಕಂಡೊಡನೆ ಮಾಯ! ರೋಸಿಹೋದ ಅಟೆಂಡರ್ ಮೆಟ್ಟಿಲ ಕೆಳಗೆ ಕೂತು ನೂರೂ ಚೀಲಗಳನ್ನು ತಾನೇ ಊದಿ, ಬಾಯಿಗೆ ಬಂದ ಹೆಸರು ಬರೆದು ಕೊಟ್ಟುಬಿಟ್ಟ. ಆಗಲೇ ಅವನಿಗೆ ಕೆಮ್ಮು ಹಿಡಿದು ತಿಂಗಳಾಗಿತ್ತು. ಅದನ್ನು ಯಾರು ಕೇಳಿದರು?

ಇವತ್ತು ಯಂತ್ರದ ಉದ್ಘಾಟನೆ. ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡಿದ್ದ ಅಟೆಂಡರನಿಗೆ ಬೇಕಾಗಿದ್ದು ಇಷ್ಟೇ: ಒಂದಿಷ್ಟು ಮದ್ದು, ಹದಿನೈದು ದಿನ ರಜೆ. "ಇವತ್ತೂ ತೋರಿಸ್ಕೊಳ್ದೆ ಬಂದ್ರೆ ಬಾಗಿಲು ತೆಗೆಯಲ್ಲ ನೋಡಿ," ಎಂದು ಹೆಂಡತಿ ಎಚ್ಚರಿಸಿಯೇ ಕಳಿಸಿದ್ದಳು.

ಮೊದಲು ಊದಿದವರು ಹಿರಿಯ ನರ್ಸಮ್ಮ. ಕೆಂಪು ದೀಪ!

"ಅಯ್ಯೋ, ನಂಗೇನಾಗಿದೆ? ಈಗಷ್ಟೇ ನಾಲ್ಕು ಮಹಡಿ ಹತ್ಕೊಂಡು ಬಂದೆ!"

ಅಡುಗೆಯವನು ಊದಿದ, ಕೆಂಪು. ಬೆಳಿಗ್ಗೆದ್ದು ಮೈಲಿಗಟ್ಟಲೆ ಓಡುವ ಆಂಬುಲೆನ್ಸ್ ಡ್ರೈವರ್ ಊದಿದ, ಕೆಂಪು. ಅವನಂತೂ ಅಲ್ಲೇ ಕುಸಿದು ಕೂತು ತಮ್ಮನಿಗೆ ಫೋನ್ ಹಚ್ಚಿದ: "ನನ್ನ ಬೈಕು ನೀನೇ ಇಟ್ಕೊಳ್ಳೋ."

"ಯಾರೂ ಗಾಬರಿಯಾಗ್ಬೇಡಿ," ಡಾಕ್ಟರು ಬೀಗಿದರು. "ಯಂತ್ರ ಕಾಯಿಲೇನ ಶುರುವಲ್ಲೇ ಹಿಡಿದುಬಿಟ್ಟಿದೆ. ಕೆಂಪು ಬಂದವರಿಗೆಲ್ಲ ಇವತ್ತಿಂದ್ಲೇ ಹದಿನೈದು ದಿನ ರಜೆ."

ಅಟೆಂಡರನ ಬಾಯಲ್ಲಿ ನೀರೂರಿತು. ಎಲ್ಲರನ್ನೂ ತಳ್ಳಿಕೊಂಡು ಬಂದು ಊದಿದ. ಹಸಿರು! ನೂರಕ್ಕೆ ನೂರು ಆರೋಗ್ಯ!

"ಏನಪ್ಪಾ ತಿಂತೀಯ ನೀನು?" ನರ್ಸಮ್ಮನಿಗೆ ಹೊಟ್ಟೆಯುರಿ.

"ಅಮ್ಮಾ, ನಾನು ಕೆಮ್ಮಿ ಸಾಯ್ತಾ ಇದ್ದೀನಿ!"

"ಸಾಕು, ರಜೆಗೋಸ್ಕರ ನಾಟಕ ಆಡ್ಬೇಡ."

ಇನ್ನು ಮುಚ್ಚಿಟ್ಟರೆ ಪ್ರಾಣಕ್ಕೇ ಕುತ್ತು. ಅಟೆಂಡರ್ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಒದರಿಬಿಟ್ಟ. "ಆ ನೂರು ಚೀಲವೂ ನಂದೇ ಸಾರ್. ಯಂತ್ರಕ್ಕೆ ಆರೋಗ್ಯ ಅಂದ್ರೆ ನನ್ನ ಉಸಿರು ಅಂತ್ಲೇ ಗೊತ್ತು. ಮಿಕ್ಕವರದ್ದೆಲ್ಲ ಕಾಯಿಲೆ ಅನ್ನುತ್ತೆ. ಅವ್ರೆಲ್ಲ ಚೆನ್ನಾಗಿದ್ದಾರೆ, ಕಾಯಿಲೆ ನಂಗೆ!"

ಡಾಕ್ಟರು ಎದ್ದು ಹೋಗಿ ಬಾಗಿಲು ಹಾಕಿದರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾರ್."

"ಹೇಳ್ಲೂಬೇಡ. ನಾಳೆ ಪೇಪರಲ್ಲಿ ನನ್ನ ಫೋಟೋ ಬರುತ್ತೆ. ನಿಂಗೆ ಕಾಯಿಲೆ ಅಂತಾದ್ರೆ ನನ್ನ ಯಂತ್ರ ಸುಳ್ಳಾಗುತ್ತೆ. ಅದು ಸುಳ್ಳಾಗೋ ಹಾಗಿಲ್ಲ. ಅಂದ್ಮೇಲೆ ನೀನು ಗುಂಡುಕಲ್ಲಿನ ಹಾಗಿದ್ದೀಯ, ತಿಳೀತಾ? ಹೋಗು, ಕೆಲಸ ನೋಡು."

ಅಟೆಂಡರ್ ಹೊರಗೆ ಬಂದಾಗ ಗಟ್ಟಿಮುಟ್ಟಾದವರೆಲ್ಲ ಕಣ್ಣೊರೆಸಿಕೊಳ್ಳುತ್ತ ರಜೆಯ ಮೇಲೆ ಹೊರಟು ನಿಂತಿದ್ದರು. ಅಡುಗೆಯವನು ಅವನ ಕೈಗೆ ಸೌಟು ಕೊಟ್ಟ. ಡ್ರೈವರ್ ಆಂಬುಲೆನ್ಸಿನ ಕೀಲಿ ಜೇಬಿಗೆ ತುರುಕಿದ. ನರ್ಸಮ್ಮ ಔಷಧಿಯ ಗಾಡಿಯನ್ನು ಅವನ ಕಡೆ ನೂಕಿ ಬೆನ್ನು ತಟ್ಟಿದರು.

"ಇಡೀ ಆಸ್ಪತ್ರೆಗೆ ಆರೋಗ್ಯವಾಗಿರೋನು ನೀನೊಬ್ನೇ ಕಣಪ್ಪಾ. ಹದಿನೈದು ದಿನ ಎಲ್ಲ ನೀನೇ ನೋಡ್ಕೋ."

ಆಗಲ್ಲ ಎನ್ನಲು ಅವನು ಬಾಯಿ ತೆರೆದ. ಬಂದದ್ದು ಕೆಮ್ಮು. ಯಾರೂ ತಿರುಗಿ ನೋಡಲಿಲ್ಲ.