ಲಾರಿ ಕೇಳಿದ ಇನ್ನೊಂದು ಪಾರ್ಟಿ

ಆಗಸ್ಟ್ ಆರು, ಬುಧವಾರ. ಮೋಡವಿದೆ, ಮಳೆಯಿಲ್ಲ. ಹುಮನಾಬಾದಿನ ನಮ್ಮ ಬೇಳೆ ಮಿಲ್ಲಿನಲ್ಲಿ ಫೋನು ಇರುವವರೆಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಗುವವರು ಮಾತ್ರ ಬೇರೆಯವರು.

೧. ಚೀಟಿ

ನಾನು ಮಿಲ್ಲಿನ ಮುನೀಮ. ಫೋನು ಮಾಡುವ ಮೊದಲು ನಾನು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ, ಅತ್ತಲಿನವರು ಹೇಳಬಹುದಾದ್ದನ್ನೂ. ಮುಗಿದ ಮೇಲೆ ಗಂಟೆ, ನಿಮಿಷ ಸಮೇತ ರಿಜಿಸ್ಟರಿಗೆ ಏರಿಸುತ್ತೇನೆ. ಒಮ್ಮೆ ಒಬ್ಬ ವ್ಯಾಪಾರಿ ದರ ಕೇಳಿದವನೇ, "ಆಯ್ತ್ರಿ, ಕಳಸ್ರಿ" ಅಂದುಬಿಟ್ಟ. ಚೀಟಿಯಲ್ಲಿ ಅದಿರಲಿಲ್ಲ.

"ಹಂಗ ಹ್ಯಾಂಗ ಆಗ್ತದ್ರಿ? ನೀವು ತುಟ್ಟಿ ಆಯ್ತು ಅನ್ಬೇಕು," ಎಂದೆ.

ಆತ "ತುಟ್ಟಿ ಆಯ್ತ್ರಿ" ಎಂದು ಕ್ವಿಂಟಲ್‌ಗೆ ಐವತ್ತು ರೂಪಾಯಿ ಇಳಿಸಿಕೊಂಡ.

೨. ಚೀಲ

ಬಸವಕಲ್ಯಾಣದ ನಮ್ಮ ಅಂಗಡಿಯ ಗುಮಾಸ್ತ ನನಗಿಂತ ಹತ್ತು ವರ್ಷ ಚಿಕ್ಕವ. ಚಹಾ ಕುಡಿಯುತ್ತ, ಅಡ್ಡಾಡುತ್ತ ಫೋನಿನಲ್ಲಿ ಮಾತಾಡುತ್ತಾನೆ. ಒಂದು ದೊಡ್ಡ ಆರ್ಡರನ್ನು ಬೇಳೆ ಚೀಲದ ಮೇಲೆ ಬರೆದ. ಚೀಲ ಸೊಲ್ಲಾಪುರಕ್ಕೆ ಹೋಯಿತು. ಸಿಕ್ಕಿಬಿದ್ದ ಎಂದು ನಾನು ಒಳಗೊಳಗೇ ಹಿಗ್ಗಿದೆ. ಆತ ಸೊಲ್ಲಾಪುರದ ವ್ಯಾಪಾರಿಗೆ ಫೋನು ಹಚ್ಚಿ, "ಕಾಕಾ, ನಿಮ್ಮ ಚೀಲದ ಮ್ಯಾಲ ಏನ್ ಬರ್ದೀನಿ, ಜರಾ ಓದ್ರಿ" ಅಂದ. ಕಾಕಾ ನಕ್ಕು, ಓದಿ ಹೇಳಿ, ತಾವೂ ಮೂವತ್ತು ಚೀಲ ಬೇಕೆಂದರು.

ಮಿಲ್ಲು, ಅಂಗಡಿ ಎರಡರ ಒಡೆಯರಾದ ಸಾಹುಕಾರರು ಅವನಿಗೆ, "ನೀ ಇವರಂಗ ಬರ್ಯೋದು ಕಲಿ" ಎಂದರು. ನನಗೆ, "ನೀವು ಅವನಂಗ ಮಾತಾಡೋದು ಕಲೀರಿ." ಆತ ಅಂದೇ ರಿಜಿಸ್ಟರ್ ಕೊಂಡ. ನನಗೆ ಎರಡು ದಿನ ಊಟ ಸೇರಲಿಲ್ಲ.

೩. ಲಾರಿ

ಹೈದರಾಬಾದಿನ ಫೋನುಗಳನ್ನೆಲ್ಲ ಇನ್ನು ನಮ್ಮಿಬ್ಬರಲ್ಲಿ ಒಬ್ಬರಿಗೇ ವಹಿಸುವುದಾಗಿ ಸಾಹುಕಾರರು ಹೇಳಿದ್ದರು. ಇವತ್ತು ಅಲ್ಲಿಗೆ ಲಾರಿ ಗೊತ್ತುಮಾಡುವ ಕೆಲಸ ಆ ಗುಮಾಸ್ತನಿಗೆ ಕೊಟ್ಟರು. ತಡೆಯಲಾಗಲಿಲ್ಲ. ಅವನಿಗಿಂತ ಮೊದಲು ನಾನೇ ಗೊತ್ತುಮಾಡಿಬಿಡೋಣ ಎಂದು ಲಾರಿ ಏಜೆಂಟನಿಗೆ ಗುಟ್ಟಾಗಿ ಫೋನು ಮಾಡಿದೆ.

"ಒಂದೇ ಲಾರಿ ಅದ ಸಾಹೇಬ್ರ. ಹದಿನಾರು ಸಾವಿರ. ಆದ್ರ ಇನ್ನೊಂದು ಪಾರ್ಟಿ ಕೇಳಾಕತ್ತದ."

ಐನೂರು ಏರಿಸಿದೆ. ಹತ್ತು ನಿಮಿಷಕ್ಕೆ ಅವನದೇ ಫೋನು: "ಅವ್ರೂ ಐನೂರು ಏರ್ಸ್ಯಾರ್ರಿ." ಬಿಡಲಿಲ್ಲ. ಆರು ಸಲ ಏರಿಸಿದೆ. ಲಾರಿ ನನ್ನದಾಯಿತು.

ಸಂಜೆ ಸಾಹುಕಾರರು ಗುಮಾಸ್ತನನ್ನೂ ಕರೆಸಿ, ಎರಡು ರಿಜಿಸ್ಟರ್ ಪಕ್ಕಪಕ್ಕ ಇಟ್ಟು ಓದತೊಡಗಿದರು. "ಹನ್ನೊಂದು ಐದಕ್ಕ ನೀವು. ಹನ್ನೊಂದು ಹತ್ತಕ್ಕ ಇವ. ಹನ್ನೊಂದು ಹದಿನೈದಕ್ಕ ನೀವು…"

ನಾನು ಗುಮಾಸ್ತನ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ.

ಸಾಹುಕಾರರು ಕನ್ನಡಕ ತೆಗೆದರು. "ಕಡೀಕ ಎಷ್ಟಕ್ಕ ಮುಗೀತ್ರಿ?"

ಕೊನೆಯ ಸಾಲು ನನ್ನ ರಿಜಿಸ್ಟರಿನಲ್ಲೇ ಇತ್ತು. ಓದಿದೆ:

"ಇಪ್ಪತ್ತೊಂದೂವರೆ ಸಾವಿರ. ಇನ್ನೊಂದು ಪಾರ್ಟಿ ಸೋತಿತು."