ಕರಬಸಪ್ಪನ ಕೋಟಿನೊಳಗಿನ ಓತಿಕ್ಯಾತ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕರಬಸಪ್ಪನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು. ಆಕೆ ಗಂಡನಿಗಿಂತ ಹೆಚ್ಚು ಹೊತ್ತು ಓತಿಕ್ಯಾತಗಳ ಮುಖ ನೋಡುತ್ತಿದ್ದಳು. ಧಾರವಾಡದಲ್ಲಿ ವಿಜ್ಞಾನ ಓದಿ ಬಂದ ನಲಿನಿ ಮೊದಲು ಸಾರು ಕುದಿಸುವ ಹಿತ್ತಾಳೆ ಕೊಳಗದಲ್ಲಿ ಮೀನು ಬಿಟ್ಟು, ನೀರು ಬೆಚ್ಚಗಾದಂತೆ ಅವುಗಳ ಉಸಿರು ಎಷ್ಟು ಜೋರಾಗುತ್ತದೆಂದು ಎಣಿಸಿದ್ದಳು. (ಆ ತಿಂಗಳು ಮನೆಯಲ್ಲಿ ಸಾರು ಚರಿಗೆಯಲ್ಲೇ ಕುದಿಯಿತು.) ಈಗ ಮೆಣಸಿನಕಾಯಿ ಒಣಗುವ ಕಣದ ಓತಿಕ್ಯಾತಗಳ ಸರದಿ.

"ನಮ್ಮಂಗ ಅವಕ್ಕ ಮೈಯಾಗ ಸ್ವಂತ ಬಿಸಿ ಇರೂದಿಲ್ಲರಿ. ಬಿಸಿಲು ಬಿದ್ರನ ಓಡಾಟ, ಬ್ಯಾಟಿ, ಸಂಸಾರ ಎಲ್ಲಾ," ಎಂದು ಆಕೆ ವಿವರಿಸಿದ್ದಳು. ಕರಬಸಪ್ಪನಿಗೆ ತಿಳಿದದ್ದು ಅರ್ಧ; ಪೇಟೆಯಲ್ಲಿ ಹೇಳಿಕೊಂಡು ತಿರುಗಿದ್ದು ಅದರ ನಾಲ್ಕರಷ್ಟು.

ಮೂವತ್ತೆಂಟನೆಯ ಇಸವಿಯ ಸಂಕ್ರಾಂತಿಯ ಚಳಿ. ಆಕೆಯ ಪ್ರಾಧ್ಯಾಪಕರು ಕೆಲಸ ನೋಡಲು ರೈಲಿನಲ್ಲಿ ಬರುವವರಿದ್ದರು. ಪ್ರಾಣಿ ತಾಜಾ ಕಾಣಲಿ ಎಂಬ ಉದಾರ ಬುದ್ಧಿಯಿಂದ ಕರಬಸಪ್ಪ ಹಿಂದಿನ ಸಂಜೆಯೇ ಓತಿಕ್ಯಾತದ ಬುಟ್ಟಿಯನ್ನು ಒಲೆಯ ಬದಿಯಿಂದ ತೆಗೆದು ನೀರಿನ ಕೊಡಗಳ ನಡುವೆ ಇಟ್ಟಿದ್ದ. ಮುಂಜಾನೆ ಮುಚ್ಚಳ ತೆಗೆದರೆ ಅದು ಒಣ ಕಟ್ಟಿಗೆಯಂತೆ ಸೆಟೆದಿತ್ತು. ಚುಚ್ಚಿದರೂ ಮಿಸುಕಲಿಲ್ಲ. ಹೆಂಡತಿಯ ವರ್ಷದ ಶ್ರಮವನ್ನು ಕೊಂದುಬಿಟ್ಟೆನಲ್ಲ! ಗುಟ್ಟಾಗಿ ಅಂತ್ಯಸಂಸ್ಕಾರ ಮುಗಿಸೋಣವೆಂದು ಅದನ್ನು ಕೋಟಿನ ಒಳಕಿಸೆಗೆ ಸೇರಿಸುವಷ್ಟರಲ್ಲಿ ಟಾಂಗಾ ಬಾಗಿಲಿಗೆ ಬಂತು.

ಎಲ್ಲರೂ ಕಣದ ಬಿಸಿಲಿನಲ್ಲಿ ಕುಳಿತರು.

"ನಿಮ್ಮ ಮನಿಯವರು ಮಾಡಿದ್ದನ್ನ ನಮ್ಮ ಕಾಲೇಜಿನಾಗ ಯಾರೂ ಮಾಡಿಲ್ಲ," ಎಂದರು ಪ್ರಾಧ್ಯಾಪಕರು.

ಕರಬಸಪ್ಪನ ಎದೆ ಉಬ್ಬಿತು. ಉಬ್ಬಿದ್ದು ಅಲ್ಲಿಗೇ ನಿಲ್ಲದೆ ಎಡದಿಂದ ಬಲಕ್ಕೆ ಸರಿಯತೊಡಗಿತು. ಆತ ಹಲ್ಲು ಕಚ್ಚಿ ನಗುತ್ತಲೇ ಇದ್ದ. ಓತಿಕ್ಯಾತ ಕೊರಳಪಟ್ಟಿಯಿಂದ ಹೊರಬಂದು, ಗಲ್ಲ ಹತ್ತಿ, ರುಮಾಲಿನ ಮೇಲೆ ವಿರಾಜಮಾನವಾಗಿ, ಪ್ರಾಧ್ಯಾಪಕರಿಗೆ ತಲೆ ಕುಣಿಸಿ ಸಲಾಮು ಹೊಡೆಯಿತು.

ನಲಿನಿ ಸಿಟ್ಟಾಗಲಿಲ್ಲ; ಗಡಿಯಾರ ನೋಡಿದಳು. "ಕೋಟಿನಾಗ ಯಾವಾಗ ಇಟ್ಕೊಂಡ್ರಿ?"

"ಟಾಂಗಾ ಬಂದಾಗ. ಸತ್ತೈತಿ ಅಂತ ತಿಳದಿದ್ದೆ."

"ಸತ್ತಿದ್ದಿಲ್ಲರಿ, ಥಂಡಿಗೆ ಸೆಟದಿತ್ತು. ನಿಮ್ಮ ಮೈ ಬಿಸಿಗೆ ಎದ್ದೈತಿ." ಹೇಳುತ್ತಲೇ ಆಕೆ ಗಂಡನ ಕಂಕುಳಿಗೆ ಥರ್ಮಾಮೀಟರ್ ಸಿಕ್ಕಿಸಿದಳು. ಆಕೆಯ ಕಣ್ಣಿನ ಹೊಳಪು ಕಂಡು ಕರಬಸಪ್ಪನಿಗೆ ಪರಚಿದ ಉರಿಯೆಲ್ಲ ಮರೆತುಹೋಯಿತು. ಎಂಥಾ ತಲೆ ಇವಳದು!

"ಹಂಗಾರ ನನ್ನಿಂದ ಭಾಳ ಉಪಕಾರ ಆತು ಅನ್ನು," ಎಂದ, ಗತ್ತಿನಿಂದ.

"ಆತ್ರಿ. ಆದ್ರ ಒಂದ ಸಲ ಆಗಿದ್ದನ್ನ ಪುರಾವೆ ಅನ್ನಾಕ ಬರೂದಿಲ್ಲ." ನಲಿನಿ ಓತಿಕ್ಯಾತವನ್ನು ಮೆಲ್ಲಗೆ ಇಳಿಸಿಕೊಂಡಳು. "ನಾಳಿಂದ ದಿನಾ ಮುಂಜಾನೆ ಕೋಟು ಹಾಕ್ಕೊಂಡು ಕುಂದರ್ರಿ. ಕಣದಾಗ ಇದಕ್ಕಿಂತ ದೊಡ್ಡೂ ಅದಾವ."